ನಾಯಕನಿಲ್ಲದ ಮಿಣುಕುಹುಳುಗಳ ಮೇಳ

1917ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಿಲಿಪ್ ಲಾರೆಂಟ್ ಎಂಬವರ ಪುಟ್ಟ ಟಿಪ್ಪಣಿಯೊಂದು ಅಚ್ಚಾಯಿತು. ಮಿಣುಕುಹುಳುಗಳೆಲ್ಲ ಒಮ್ಮೆಗೇ ಹೊತ್ತಿ ಒಮ್ಮೆಗೇ ಆರಿದಂತೆ ಅವರಿಗೆ ಕಂಡಿತ್ತು. ಅದು ತಮ್ಮದೇ ಕಣ್ಣರೆಪ್ಪೆಯ ಬಡಿತದ ಭ್ರಮೆ, ಕೀಟಗಳು ಹಾಗೆ ಮಾಡುವುದು ಪ್ರಕೃತಿ ನಿಯಮಕ್ಕೇ ವಿರುದ್ಧ ಎಂದು ಅವರು ತೀರ್ಮಾನಿಸಿದರು. ಕಣ್ಣಾರೆ ಕಂಡದ್ದನ್ನು ಹೀಗೆ ತಳ್ಳಿಹಾಕುವ ಅಭ್ಯಾಸ ವಿಜ್ಞಾನಕ್ಕೆ ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ಟೆನೆಸ್ಸೀ ರಾಜ್ಯದ ಎಲ್ಕ್‌ಮಾಂಟ್ ಸಾಕ್ಷಿ.

ಸ್ಮೋಕಿ ಪರ್ವತಗಳ ಮಡಿಲಿನ ಈ ಊರು 1908ರ ಸುಮಾರಿಗೆ ಮರ ಕಡಿಯುವವರ ಬಿಡಾರವಾಗಿ ಹುಟ್ಟಿತು. ಲಿಟ್ಲ್ ರಿವರ್ ಲಂಬರ್ ಕಂಪನಿ ಕಾಡನ್ನು ಬೋಳಿಸುತ್ತಾ ಹೋಯಿತು. ದಿಮ್ಮಿ ಸಾಗಿಸಲು ಹಾಕಿದ ರೈಲುಹಳಿಯ ಮೇಲೆಯೇ ನಾಕ್ಸ್‌ವಿಲ್ ನಗರದ ಅನುಕೂಲಸ್ಥರು ಬಂದು ಬೇಸಿಗೆಮನೆ ಕಟ್ಟಿಕೊಂಡರು. 1934ರಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದ ಮೇಲೂ ಹಲವು ಕುಟುಂಬಗಳು ಗುತ್ತಿಗೆಯ ಮೇಲೆ ಅಲ್ಲೇ ಉಳಿದವು. ಜೂನ್ ರಾತ್ರಿ ಜಗಲಿಯಲ್ಲಿ ಕೂತರೆ ಎದುರಿನ ಕಾಡು ಏಕಕಾಲಕ್ಕೆ ಬೆಳಗಿ ಏಕಕಾಲಕ್ಕೆ ಕತ್ತಲಾಗುವುದು ಅವರಿಗೆ ಮನೆಮಾತು. ಒಟ್ಟಾಗಿ ಮಿನುಗುವ ಹುಳುಗಳು ಆಗ್ನೇಯ ಏಷ್ಯಾದಲ್ಲಿ ಮಾತ್ರ ಎಂದು ಪಂಡಿತರು ನಂಬಿದ್ದ ಕಾಲವದು. 1990ರ ದಶಕದ ಆರಂಭದಲ್ಲಿ ಆ ಜಗಲಿಗಳಲ್ಲೊಂದರಲ್ಲಿ ಕೂರುತ್ತಿದ್ದ ಲಿನ್ ಫೌಸ್ಟ್ ವಿಜ್ಞಾನಿಗಳಿಗೆ ಪತ್ರ ಬರೆದರು. ಜೀವವಿಜ್ಞಾನಿ ಜೊನಾಥನ್ ಕೋಪ್‌ಲ್ಯಾಂಡ್ ಬಂದು ನೋಡಿದರು. ಇನ್ನೊಬ್ಬ ವಿಜ್ಞಾನಿ ಆಂಡ್ರ್ಯೂ ಮೊಯ್ಸೆಫ್ ಜೊತೆಗೂಡಿ ಮಿನುಗಿನ ಲಯವನ್ನು ಅಳೆದರು. ಜಗಲಿಯವರ ಮಾತೇ ನಿಜವಾಗಿತ್ತು.

ಹುಳುವಿನ ಹೆಸರು ಫೋಟಿನಸ್ ಕ್ಯಾರೊಲೈನಸ್. ಅದರ ಮೈಯಲ್ಲಿ ಲೂಸಿಫೆರಿನ್ ಎಂಬ ರಾಸಾಯನಿಕ ಆಮ್ಲಜನಕದೊಡನೆ ಸೇರಿ ಬೆಳಕು ಹುಟ್ಟುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಬೇರೆ: ತಾಳ ಹಾಕುವವರು ಯಾರು? ಕೇಳಿದವರೆಲ್ಲ ಯಾವುದೋ ಮುಖ್ಯ ಹುಳು ಇರಬೇಕು ಎನ್ನುತ್ತಾರೆ. ಇಲ್ಲ, ಯಾರೂ ಇಲ್ಲ!

ಹನಿ ಹನಿಯಾಗಿ ತುಂಬಿ, ತುಂಬಿದೊಡನೆ ಮಗುಚಿ, ಮತ್ತೆ ತುಂಬತೊಡಗುವ ಬಿಂದಿಗೆಗಳ ಸಾಲನ್ನು ನೆನೆಯಿರಿ. ಒಂದು ಮಗುಚಿದಾಗ ಚಿಮ್ಮಿದ ನೀರು ಉಳಿದವುಗಳಿಗೆಲ್ಲ ಬೀಳುತ್ತದೆ. ಹೆಚ್ಚುಕಡಿಮೆ ತುಂಬಿದ್ದ ಬಿಂದಿಗೆ ಆ ಸಿಡಿತದಿಂದಲೇ ಮಗುಚುತ್ತದೆ, ಇನ್ನು ಮುಂದೆ ಅವೆರಡೂ ಜೊತೆ. ಸುತ್ತು ಕಳೆದಂತೆ ಜೊತೆ ಗುಂಪಾಗುತ್ತದೆ, ಗುಂಪು ಸಾಲಾಗುತ್ತದೆ. ಬಿಂದಿಗೆಯೇ ಹುಳು, ಮಗುಚುವುದೇ ಮಿನುಗು, ಸಿಡಿದ ನೀರೇ ಉಳಿದ ಹುಳುಗಳಿಗೆ ಕಂಡ ಬೆಳಕು. ಸಂಗೀತ ಕಛೇರಿ ಮುಗಿದಾಗ ಚೆಲ್ಲಾಪಿಲ್ಲಿಯಾಗಿ ಹೊರಟ ಚಪ್ಪಾಳೆ ಒಂದೇ ಲಯಕ್ಕೆ ಬೀಳುವುದೂ, ಕೋಲಾಟದಲ್ಲಿ ತಡವಾದ ಕೈ ಪಕ್ಕದ ಕೋಲಿನ ಸದ್ದಿಗೆ ಚುರುಕಾಗುವುದೂ ಈ ಬಗೆಯವೇ. ಇಂಥ ಒಂದೇ ತೆರನ ಬಿಂದಿಗೆಗಳು ಹೇಗೇ ಆರಂಭಿಸಿದರೂ ಬಹುಮಟ್ಟಿಗೆ ಕೂಡಿಯೇ ಕೂಡುತ್ತವೆ ಎಂಬುದನ್ನು ಗಣಿತಜ್ಞರಾದ ಮಿರೊಲ್ಲೊ ಮತ್ತು ಸ್ಟ್ರೋಗಾಟ್ಸ್ 1990ರಲ್ಲಿ ಗಣಿತದಿಂದ ಸಾಧಿಸಿದರು.

ಎಲ್ಕ್‌ಮಾಂಟ್‌ನ ಹುಳು ಇದಕ್ಕೂ ಒಂದು ಹೆಜ್ಜೆ ಮುಂದೆ. ಅದು ಒಂದು ಕಂತಿನಲ್ಲಿ ಕೆಲವು ಬಾರಿ ಮಿನುಗಿ, ಬಿಡುವು ಕೊಟ್ಟು, ಮತ್ತೆ ಮಿನುಗುತ್ತದೆ. ಸಂಶೋಧಕರು ಒಂಟಿ ಗಂಡನ್ನು ಡೇರೆಯೊಳಗೆ ಬಿಟ್ಟಾಗ ಅದರ ಮಿನುಗುಗಳ ಕಂತುಗಳ ನಡುವಿನ ಬಿಡುವಿಗೆ ಲಯವೇ ಇರಲಿಲ್ಲ. ಸುಮಾರು 15 ಸೇರಿದಾಗ ಲಯ ಮೂಡಿತು. ಅಂದರೆ ಆ ದೀರ್ಘ ತಾಳ ಒಂದೊಂದು ಹುಳುವಿನೊಳಗೆ ಅಡಗಿಲ್ಲ, ಸಂದಣಿಯಲ್ಲಿ ಹುಟ್ಟುತ್ತದೆ.

ಇಷ್ಟೆಲ್ಲ ಯಾತಕ್ಕೆ? ತರಗೆಲೆಗಳ ನಡುವೆ ಕೂತ ಹೆಣ್ಣಿಗಾಗಿ. ಗಂಡುಗಳು ಐದಾರು ಬಾರಿ ಮಿನುಗಿ ಕೆಲವು ಸೆಕೆಂಡು ಪೂರ್ತಿ ಕತ್ತಲಾಗುತ್ತವೆ. ಆ ಕತ್ತಲಲ್ಲಿ, ನೆಲದ ಬಳಿ, ಹೆಣ್ಣು ಮಂಕಾಗಿ ಉತ್ತರಿಸುತ್ತದೆ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೊಯ್ಸೆಫ್ ಮತ್ತು ಕೋಪ್‌ಲ್ಯಾಂಡ್ ಎಲ್‌ಇಡಿ ದೀಪಗಳನ್ನೇ ಗಂಡುಗಳಂತೆ ಮಿನುಗಿಸಿದರು. ದೀಪಗಳು ಕೂಡಿ ಮಿನುಗಿದಾಗ ಹೆಣ್ಣುಗಳು ಶೇಕಡಾ 80ಕ್ಕೂ ಹೆಚ್ಚು ಸಲ ಉತ್ತರಿಸಿದವು, ತಾಳ ತಪ್ಪಿದಾಗ ಶೇಕಡಾ 10ನ್ನೂ ದಾಟಲಿಲ್ಲ. ಹತ್ತು ಜನ ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯದು ನಿಜ, ಆದರೆ ಹತ್ತೂ ಜನ ಅದೇ ಮಾತನ್ನು ಅದೇ ಕ್ಷಣಕ್ಕೆ ಆಡಿದರೆ ದೂರದವರಿಗೂ ಸ್ಪಷ್ಟ.

ಬೇಸಿಗೆಮನೆಗಳಲ್ಲಿ ಬಹುಪಾಲು ಈಗಿಲ್ಲ, ಕೆಲವೆಡೆ ಕಲ್ಲಿನ ಚಿಮಣಿಗಳಷ್ಟೇ ನಿಂತಿವೆ. ನೋಡಲು ಬರುವವರನ್ನು ಲಾಟರಿ ಎತ್ತಿ ಆರಿಸುತ್ತಾರೆ. ಅವರು ಟಾರ್ಚಿಗೆ ಕೆಂಪು ಹಾಳೆ ಸುತ್ತಿ, ನೆಲಕ್ಕೆ ಬಾಗಿಸಿ ಹಿಡಿದೇ ನಡೆಯಬೇಕು. ಆ ಕೆಲವು ಸೆಕೆಂಡುಗಳ ಕತ್ತಲೆಯಲ್ಲಿ ಬೇರೆ ಬೆಳಕು ಬಿದ್ದರೆ ಹೆಣ್ಣಿನ ಉತ್ತರ ಗಂಡಿಗೆ ಕಾಣುವುದಿಲ್ಲ.