ನೈಟ್ ಪದದಲ್ಲಿ ಆ ಜಿ-ಎಚ್ ಯಾಕಿದೆ?

ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. 'ನೈಟ್' ಅಂತ ಓದುವುದಕ್ಕೆ ಎನ್-ಐ-ಜಿ-ಎಚ್-ಟಿ ಯಾಕೆ ಬರೆಯಬೇಕು? 'ಸುಮ್ನೆ ಬಾಯಿಪಾಠ ಮಾಡು' ಅಂದುಬಿಡುತ್ತೇವೆ. ಆದರೆ ಆ ಎರಡು ಅಕ್ಷರ ಸುಮ್ಮನೆ ಬಂದು ಕೂತಿಲ್ಲ. ಹಳೇ ಇಂಗ್ಲಿಷಿನಲ್ಲಿ ರಾತ್ರಿಗೆ 'ನಿಹ್ಟ್' ಎನ್ನುತ್ತಿದ್ದರು, ಆ 'ಹ್' ಬಾಯೊಳಗೆ ಉಜ್ಜಿಕೊಂಡು ಬರುವ ಸದ್ದು. ಜರ್ಮನ್ನರು ಈಗಲೂ 'ನಾಖ್ಟ್' ಅನ್ನುತ್ತಾರಲ್ಲ, ಅಂಥದ್ದೇ.

ಆ ಸದ್ದಿಗೆ ಜಿ-ಎಚ್ ಹೇಗೆ ಬಂತು ಅಂತ ತಿಳಿಯಲು ಬರವಣಿಗೆಯ ಕಥೆಯನ್ನೇ ಮೊದಲಿಂದ ನೋಡಬೇಕು. ಬರವಣಿಗೆ ಶುರುವಾದದ್ದು ಲೆಕ್ಕ ಇಡಲು. ಈಗಿನ ಇರಾಕಿನ ಉರುಕ್ ಪಟ್ಟಣದಲ್ಲಿ ಕ್ರಿ.ಪೂ. 3200ರ ಸುಮಾರಿಗೆ ಜವೆಗೋಧಿ ಎಷ್ಟು, ಬಿಯರ್ ಎಷ್ಟು ಅಂತ ಹಸಿ ಜೇಡಿಮಣ್ಣಿನ ಬಿಲ್ಲೆಗಳ ಮೇಲೆ ಗುರುತು ಹಾಕುತ್ತಿದ್ದರು. ಇಂಗ್ಲಿಷ್ ಅಕ್ಷರಗಳ ವಂಶ ಮಾತ್ರ ಬೇರೆ. ದೊಡ್ಡ 'ಎ' ಬರೆದು ಹಾಳೆಯನ್ನು ತಲೆಕೆಳಗೆ ಹಿಡಿಯಿರಿ. ಮೇಲೆ ಎರಡು ಕೊಂಬು, ಕೆಳಗೆ ಚೂಪು ಮೂತಿ, ಕಾಣಿಸಿತಾ? ಅದು ಎತ್ತಿನ ತಲೆ! ಈಜಿಪ್ಟಿನ ಚಿತ್ರಗಳನ್ನು ನೋಡಿ ಸೆಮಿಟಿಕ್ (ಹೀಬ್ರೂ, ಅರಬ್ಬಿಗಳ ಬಳಗದ) ಭಾಷೆಯ ಜನ ಒಂದು ಸದ್ದಿಗೆ ಒಂದು ಗುರುತು ಮಾಡಿಕೊಂಡರು, ಅದು ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದ ಫಿನೀಷಿಯನ್ನರಿಂದ ಗ್ರೀಕರಿಗೆ, ಅಲ್ಲಿಂದ ಇಟಲಿಯ ಎಟ್ರುಸ್ಕನ್ನರಿಗೆ, ಕೊನೆಗೆ ರೋಮನ್ನರಿಗೆ ದಾಟಿತು.

ಇಂಗ್ಲಿಷ್ ಹುಟ್ಟಿದ್ದು 5ನೇ ಶತಮಾನದಲ್ಲಿ ಬ್ರಿಟನ್ನಿಗೆ ಬಂದ ಆಂಗಲ್, ಸ್ಯಾಕ್ಸನ್, ಜೂಟ್ ಜನರ ಮಾತಿನಿಂದ. ಅವರು ತಂದದ್ದು ರೂನ್ ಲಿಪಿ. ಮರ, ಮೂಳೆ, ಕಲ್ಲಿನ ಮೇಲೆ ಕೆತ್ತುವ ಲಿಪಿಯಾದ್ದರಿಂದ ಎಲ್ಲ ನೇರ ಗೀಟುಗಳೇ. 597ರಲ್ಲಿ ರೋಮಿನಿಂದ ಅಗಸ್ಟಿನ್ ಎಂಬ ಸನ್ಯಾಸಿ ಇಂಗ್ಲೆಂಡಿನ ಕೆಂಟ್‌ಗೆ ಬಂದ ಮೇಲೆ ಲ್ಯಾಟಿನ್ ಅಕ್ಷರಗಳು ಬೇರೂರಿದವು. ಅಲ್ಲೇ ತೊಡಕು ಶುರು. 'ಥಿಂಗ್' ಅನ್ನುವಾಗಿನ ಮೊದಲ ಸದ್ದಿಗೆ ಲ್ಯಾಟಿನ್ನಿನಲ್ಲಿ ಅಕ್ಷರವೇ ಇರಲಿಲ್ಲ. ಹಾಗಾಗಿ ರೂನ್‌ಗಳಿಂದಲೇ 'ಥಾರ್ನ್' ಎಂಬ ಅಕ್ಷರವನ್ನು ಎರವಲು ತಂದರು. ಅಂದರೆ ಅವತ್ತಿನವರು ಕೇಳಿದ ಹಾಗೆ ಬರೆಯಲು ನಿಜಕ್ಕೂ ಕಷ್ಟಪಟ್ಟಿದ್ದರು.

1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ರೂಢಿಯ ಲಿಪಿಕಾರರ ಕೈಯಲ್ಲಿ ಮನೆ ಅನ್ನುವ 'ಹೂಸ್' (ಈಗಿನ 'ಹೌಸ್') ಪದಕ್ಕೆ ಓ-ಯು ಸೇರಿತು, ರಾಣಿ ಅನ್ನುವ 'ಕ್ವೀನ್' ಪದದ ಸಿ-ಡಬ್ಲ್ಯು ಹೋಗಿ ಕ್ಯು-ಯು ಬಂತು, ಮುಂದೆ 'ನಿಹ್ಟ್'ನ ಆ ಸದ್ದಿಗೆ ಜಿ-ಎಚ್ ನಿಂತಿತು.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಯಾವ ಊರಿನ ಇಂಗ್ಲಿಷ್ ಅಚ್ಚು ಹಾಕಬೇಕು ಅನ್ನುವುದೇ ಅವನಿಗೆ ತಲೆನೋವಾಗಿತ್ತು. 1490ರ ಒಂದು ಮುನ್ನುಡಿಯಲ್ಲಿ ಅವನೇ ಬರೆದ ಪ್ರಸಂಗ ಕೇಳಿ. ಥೇಮ್ಸ್ ನದಿಯಲ್ಲಿ ಹಡಗಿನಲ್ಲಿ ಹೊರಟ ವ್ಯಾಪಾರಿಗಳು ಗಾಳಿ ಸಿಗದೆ ದಡಕ್ಕಿಳಿದು ಒಬ್ಬ ಗೃಹಿಣಿಯನ್ನು 'ಎಗ್ಸ್' ಕೇಳುತ್ತಾರೆ. ಆಕೆ ನನಗೆ ಫ್ರೆಂಚ್ ಬರಲ್ಲ ಅಂತಾಳೆ! ಕೇಳಿದವನಿಗೆ ಸಿಟ್ಟು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ. ಇನ್ನೊಬ್ಬ 'ಐರೆನ್' ಅಂದಾಗ ಆಕೆಗೆ ತಿಳಿಯಿತು. 'ಎಗ್' ವೈಕಿಂಗರ ಕಡೆಯಿಂದ ಬಂದ ಮಾತು, 'ಐರೆನ್' ಹಳೇ ಇಂಗ್ಲಿಷಿನದ್ದು.

ಅಚ್ಚಿನಿಂದ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಅದೇ ಹೊತ್ತಿಗೆ ಬಾಯಿಮಾತು ಓಡುತ್ತಿತ್ತು. ಸುಮಾರು 1400ರಿಂದ 1700ರ ನಡುವೆ ದೀರ್ಘ ಸ್ವರಗಳೆಲ್ಲ ಬಾಯಲ್ಲಿ ಹುಟ್ಟುವ ಜಾಗ ಬದಲಿಸಿ ಬೇರೆ ಸದ್ದಾದವು, 'ನೈಟ್'ನ ಆ ಸದ್ದೂ ಅಳಿಯಿತು. ನಮ್ಮಲ್ಲೂ ಹೀಗಾಗಿದೆ ಅಲ್ವಾ? ಹಳಗನ್ನಡದ ೞ, ಱ ಸದ್ದುಗಳು ಹೋದವು. ಆದರೆ ನಾವು ಅಕ್ಷರಗಳನ್ನೂ ಬಿಟ್ಟೆವು, 'ಏೞು' ಬರಹದಲ್ಲೂ 'ಏಳು' ಆಯಿತು. ಇಂಗ್ಲಿಷರು ಬಿಡಲಿಲ್ಲ.

ನನಗೆ ಜಾಸ್ತಿ ಇಷ್ಟವಾಗುವ ಪದ 'ನೇಮ್'. ಎನ್-ಎ-ಎಂ-ಇ. ಸ್ವರಗಳು ಬದಲಾಗುವ ಮುಂಚೆ ಇದನ್ನು ಹೆಚ್ಚುಕಡಿಮೆ 'ನಾಮ' ಎಂದೇ ಹೇಳುತ್ತಿದ್ದರು. ಸಂಸ್ಕೃತದಿಂದ ನಮಗೆ ಬಂದ 'ನಾಮ'ಕ್ಕೂ ಅದಕ್ಕೂ ಬೇರು ಒಂದೇ.