ಬಾಣಂತನಕ್ಕೆ ಬಂದ ಅಮ್ಮನಿಗೆ ಫ್ಲೂ ಶಾಟ್ ಯಾವಾಗ?

ಅಮೆರಿಕದ ಕನ್ನಡದ ಮನೆಗಳಲ್ಲಿ ಮಗು ಬರುವ ಸುದ್ದಿ ಗೊತ್ತಾದ ಕೂಡಲೇ ಶುರುವಾಗುವ ಕೆಲಸ ಅಮ್ಮನ ವೀಸಾ. ಆಮೇಲೆ ಟಿಕೆಟ್, ಇನ್ಶೂರೆನ್ಸ್, ಆರು ತಿಂಗಳಿಗಾಗುವಷ್ಟು ಬಿಪಿ-ಶುಗರ್ ಮಾತ್ರೆ, ಅಂಟಿನುಂಡೆ, ಬಾಣಂತಿ ಲೇಹ್ಯ, ಮಗುವಿನ ತಲೆಗೆ ಕಟ್ಟೋಕೆ ಹಳೆ ಹತ್ತಿ ಸೀರೆಯ ತುಂಡು. ಇಷ್ಟು ಮುತುವರ್ಜಿಯಿಂದ ಮಾಡುವ ಪಟ್ಟಿಯಲ್ಲಿ ಫ್ಲೂ ಲಸಿಕೆ ಇರುವುದು ತುಂಬ ಅಪರೂಪ. ಗರ್ಭಿಣಿ ಮಗಳಿಗೆ ಡಾಕ್ಟರ್ ಹೇಳಿರುತ್ತಾರೆ. ಅಳಿಯನಿಗೆ ಆಫೀಸಿನಲ್ಲೇ ಹಾಕಿರುತ್ತಾರೆ. ಊರಿಂದ ಬಂದ ಅಮ್ಮನನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವರಿಗೆ ಇಲ್ಲಿ ಡಾಕ್ಟರ್ ಇಲ್ಲ, ಆಫೀಸಿಲ್ಲ, ನೆನಪಿಸುವ ಇಮೇಲ್ ಕೂಡ ಬರುವುದಿಲ್ಲ.

ಆದರೆ ಆ ಮನೆಯಲ್ಲಿ ಲಸಿಕೆ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಅವರಿಗೇ. ಅಕ್ಟೋಬರ್‌ನಲ್ಲಿ ಬಂದಿಳಿದರೆ ಫ್ಲೂ ಕಾಲದ ಬಾಗಿಲಿಗೇ ಬಂದ ಹಾಗೆ. ವಯಸ್ಸು ಅರವತ್ತು ದಾಟಿರುತ್ತದೆ. ಅದರ ಮೇಲೆ ದಿನವಿಡೀ ತೊಡೆಯ ಮೇಲೆ ಹಸುಗೂಸು. ಆರು ತಿಂಗಳು ತುಂಬದ ಮಗುವಿಗೆ ಯಾವ ಫ್ಲೂ ಲಸಿಕೆಯನ್ನೂ ಹಾಕುವಂತಿಲ್ಲ. ಆ ಮಗುವನ್ನು ಕಾಯುವ ದಾರಿ ಎರಡೇ. ಒಂದು, ತಾಯಿ ಬಸುರಿಯಾಗಿದ್ದಾಗಲೇ ಹಾಕಿಸಿಕೊಳ್ಳುವುದು. ಅವಳ ದೇಹದಲ್ಲಿ ಹುಟ್ಟಿದ, ರೋಗದ ಜೊತೆ ಹೋರಾಡುವ ಪ್ರತಿಕಾಯಗಳು (ಆಂಟಿಬಾಡಿ) ಮಾಸುವಿನ ಮೂಲಕ ಮಗುವಿಗೂ ಹೋಗುತ್ತವೆ, ಮೊದಲ ಕೆಲವು ತಿಂಗಳು ಕಾಯುತ್ತವೆ. ಇನ್ನೊಂದು, ಮಗುವನ್ನು ಎತ್ತಿಕೊಳ್ಳುವವರೆಲ್ಲ ಹಾಕಿಸಿಕೊಳ್ಳುವುದು. ಎತ್ತಿಕೊಳ್ಳುವವರಲ್ಲಿ ಅಜ್ಜಿಯೇ ಮೊದಲು, ಅಲ್ವಾ?

"ಹೋದ ವರ್ಷ ಬೆಂಗಳೂರಲ್ಲೇ ಹಾಕಿಸಿದ್ದೆ, ಮತ್ತೆ ಯಾಕೆ?" ಅಂತ ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದಡಾರಕ್ಕೆ ಚಿಕ್ಕಂದಿನಲ್ಲಿ ಹಾಕಿಸಿದ್ದು ಜೀವನಪೂರ್ತಿ ಸಾಕಾಗುತ್ತದೆ. ಫ್ಲೂ ಹಾಗಲ್ಲ, ಅದಕ್ಕೆ ಕಾರಣ ಎರಡು. ಲಸಿಕೆಯಿಂದ ಬಂದ ರಕ್ಷಣೆ ಕೆಲವೇ ತಿಂಗಳಲ್ಲಿ ಇಳಿಯತೊಡಗುತ್ತದೆ. ಜೊತೆಗೆ ವೈರಸ್ಸೂ ಸುಮ್ನೆ ಕೂರುವುದಿಲ್ಲ. ಅದು ತನ್ನ ಆರ್‌ಎನ್‌ಎಯನ್ನು, ಅಂದರೆ ತನ್ನ ವಂಶವಾಹಿ ಮಾಹಿತಿಯನ್ನು, ನಕಲು ಮಾಡುವಾಗ ತಪ್ಪು ಮಾಡುತ್ತಲೇ ಇರುತ್ತದೆ, ತಿದ್ದುವ ವ್ಯವಸ್ಥೆ ಅದರಲ್ಲಿಲ್ಲ. ಆ ತಪ್ಪುಗಳಿಂದ ಅದರ ಮೈಮೇಲಿನ ಎರಡು ಪ್ರೋಟೀನುಗಳ ಆಕಾರ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಎಚ್1ಎನ್1, ಎಚ್3ಎನ್2 ಅನ್ನುವ ಹೆಸರುಗಳಲ್ಲಿರುವ 'ಎಚ್' ಮತ್ತು 'ಎನ್' ಅವೇ: ಹೀಮಗ್ಲುಟಿನಿನ್ ಮತ್ತು ನ್ಯೂರಾಮಿನಿಡೇಸ್. ಹೋದ ವರ್ಷದ ಪ್ರತಿಕಾಯಕ್ಕೆ ಈ ವರ್ಷದ ವೈರಸ್ಸಿನ ಗುರುತು ಸರಿಯಾಗಿ ಸಿಗದೇ ಹೋಗಬಹುದು.

ಅದಕ್ಕೇ ಲಸಿಕೆಯೊಳಗೆ ಏನಿರಬೇಕು ಅನ್ನುವುದನ್ನು ವರ್ಷಕ್ಕೆ ಎರಡು ಸಲ ಕೂತು ತೀರ್ಮಾನ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1952ರಲ್ಲೇ ಶುರು ಮಾಡಿದ ಒಂದು ಜಾಲವಿದೆ. ಲೋಕದ ನೂರಾರು ಆಸ್ಪತ್ರೆಗಳಲ್ಲಿ ಜ್ವರ ಬಂದವರ ಮೂಗು, ಗಂಟಲಿನ ದ್ರವದ ಮಾದರಿಗಳು ಆಯಾ ದೇಶದ ಪ್ರಯೋಗಾಲಯಗಳಿಗೆ ಹೋಗುತ್ತವೆ. ಭಾರತದಲ್ಲಿ ಈ ಕೆಲಸದ ಮುಖ್ಯ ಕೇಂದ್ರ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಅಲ್ಲಿಂದ ಆಯ್ದ ವೈರಸ್ಸುಗಳು ಲಂಡನ್, ಅಟ್ಲಾಂಟಾ, ಮೆಲ್ಬರ್ನ್, ಟೋಕಿಯೊ, ಬೀಜಿಂಗ್‌ನಂಥ ದೊಡ್ಡ ಕೇಂದ್ರಗಳಿಗೆ ತಲುಪುತ್ತವೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧದ ಚಳಿಗಾಲಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಚಳಿಗಾಲಕ್ಕೆ ಪಟ್ಟಿ ಸಿದ್ಧವಾಗುತ್ತದೆ. ಲಸಿಕೆ ತಯಾರಾಗಲು ಸುಮಾರು ಆರು ತಿಂಗಳು ಬೇಕು. ಹಾಗಾಗಿ ಪಟ್ಟಿ ಯಾವಾಗಲೂ ಮುಂದಿನ ಕಾಲದ ಅಂದಾಜೇ. ಕೆಲವು ವರ್ಷ ಅಂದಾಜು ಚೆನ್ನಾಗಿ ಕೂಡಿಬರುತ್ತದೆ, ಕೆಲವು ವರ್ಷ ಇಲ್ಲ. ಚೆನ್ನಾಗಿ ಕೂಡಿಬಂದ ವರ್ಷಗಳಲ್ಲೂ ಫ್ಲೂಗೆ ಡಾಕ್ಟರ ಹತ್ತಿರ ಹೋಗಬೇಕಾಗುವ ಸಾಧ್ಯತೆ ಇಳಿಯುವುದು ಶೇ. 40ರಿಂದ 60ರಷ್ಟು. ಅಷ್ಟೇನಾ ಅನ್ನಿಸಬಹುದು. ಹಾಕಿಸಿಕೊಂಡ ಮೇಲೂ ಫ್ಲೂ ಬಂದರೆ ಅದು ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವ ಸಂಭವವೂ ಕಡಿಮೆ. ಅರವತ್ತು ದಾಟಿದವರ ವಿಷಯದಲ್ಲಿ ನನಗೆ ಈ ಎರಡನೆಯದೇ ಮುಖ್ಯ ಅನಿಸುತ್ತದೆ.

ಯಾಕೆ ಅಂತ ಒಂದು ಅಧ್ಯಯನ ಚೆನ್ನಾಗಿ ತೋರಿಸಿಕೊಟ್ಟಿದೆ. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಪ್ರಯೋಗಾಲಯದಲ್ಲಿ ಫ್ಲೂ ಖಚಿತವಾದವರ ದಾಖಲೆಗಳನ್ನು ಪರಿಶೀಲಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೂ ಖಚಿತವಾದ ಮೊದಲ ಏಳು ದಿನದಲ್ಲಿ ಹೃದಯಾಘಾತದಿಂದ ಆಸ್ಪತ್ರೆ ಸೇರುವ ಸಂಭವ ಅದೇ ಜನರಲ್ಲಿ ಬೇರೆ ಸಮಯಕ್ಕಿಂತ ಸುಮಾರು ಆರು ಪಟ್ಟು ಹೆಚ್ಚಿತ್ತು. ನಮ್ಮ ಅಪ್ಪ-ಅಮ್ಮಂದಿರ ಮಾತ್ರೆ ಡಬ್ಬಿಯಲ್ಲಿ ಏನೇನಿರುತ್ತದೆ ಅಂತ ನೆನಪು ಮಾಡಿಕೊಂಡರೆ ಈ ಅಂಕಿಯ ಅರ್ಥ ಆಗುತ್ತದೆ. ಮೆಣಸಿನ ಸಾರು ಕುಡಿದು ಮಲಗಿದರೆ ಹೋಗುತ್ತದೆ ಅನ್ನುವುದು ನೆಗಡಿಗೆ ಸರಿ. ಫ್ಲೂಗೆ ಆ ಧೈರ್ಯ ಬೇಡ.

ಇನ್ನು ಕಾಲದ ವಿಷಯ. ಅಮೆರಿಕದಲ್ಲಿ ಫ್ಲೂ ಚಳಿಗಾಲದ್ದೇ ಯಾಕೆ? 2007ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ ಅನೀಸ್ ಲೋವೆನ್, ಪೀಟರ್ ಪಲೇಸಿ ಮತ್ತು ಜೊತೆಯವರು ಇದನ್ನು ಗಿನಿಪಿಗ್‌ಗಳಲ್ಲಿ ನೋಡಿದರು. ಗಿನಿಪಿಗ್ ಅಂತ ಹೊಳೆದದ್ದಕ್ಕೂ ಒಂದು ಹಿನ್ನೆಲೆಯಿದೆ. 1918ರ ಫ್ಲೂ ಮಹಾಮಾರಿಯಲ್ಲಿ ನ್ಯೂ ಮೆಕ್ಸಿಕೊದ ಕ್ಯಾಂಪ್ ಕೋಡಿ ಅನ್ನುವ ಸೇನಾ ಶಿಬಿರದಲ್ಲಿ ಸೈನಿಕರ ಜೊತೆ ಪ್ರಯೋಗಾಲಯದ ಗಿನಿಪಿಗ್‌ಗಳೂ ಸತ್ತಿದ್ದವು ಅಂತ 1919ರ ಒಂದು ವರದಿಯಲ್ಲಿತ್ತು. ಅದು ಪಲೇಸಿಯವರ ಕಣ್ಣಿಗೆ ಬಿತ್ತು. ಒಂದು ಪಂಜರದಲ್ಲಿ ಸೋಂಕಿರುವ ಪ್ರಾಣಿ, ಪಕ್ಕದ ಪಂಜರದಲ್ಲಿ ಆರೋಗ್ಯವಾಗಿರುವುದು. ಒಂದನ್ನೊಂದು ಮುಟ್ಟುವಂತಿಲ್ಲ, ಗಾಳಿ ಮಾತ್ರ ಹಾದುಹೋಗಬಹುದು. 5 ಡಿಗ್ರಿಯಲ್ಲಿ ವೈರಸ್ ಸಲೀಸಾಗಿ ದಾಟಿತು. 20 ಡಿಗ್ರಿಯಲ್ಲಿ ಒಣಗಾಳಿ ಇದ್ದಾಗ ದಾಟಿತು, ತೇವ ತುಂಬ ಜಾಸ್ತಿ ಮಾಡಿದಾಗ ನಿಂತಿತು. 30 ಡಿಗ್ರಿಯಲ್ಲಿ ದಾಟಲೇ ಇಲ್ಲ. ಹೊರಗೆ ಕೊರೆಯುವ ಚಳಿ, ಒಳಗೆ ಹೀಟರ್‌ನ ಒಣಗಾಳಿಗೆ ತುಟಿ ಒಡೆದು ಮೂಗು ಉರಿಯುವ ಜನವರಿಯ ಮನೆ ವೈರಸ್ಸಿಗೆ ಹೇಳಿ ಮಾಡಿಸಿದ ಜಾಗ.

ಹಾಗಾದರೆ ಸೆಕೆ, ಮಳೆ ಇರುವ ನಮ್ಮೂರಲ್ಲಿ ಫ್ಲೂ ಬರಲೇಬಾರದಿತ್ತಲ್ಲ? ಅದೇ ತಂಡ ಮರುವರ್ಷ ಎರಡೂ ಪ್ರಾಣಿಗಳನ್ನು ಒಂದೇ ಪಂಜರದಲ್ಲಿ ಬಿಟ್ಟು ನೋಡಿತು. ಆಗ 30 ಡಿಗ್ರಿಯಲ್ಲೂ ಸೋಂಕು ಹರಡಿತು. ಗಾಳಿಯಲ್ಲಿ ದೂರ ಹೋಗಲಾಗದ ವೈರಸ್, ಹತ್ತಿರದ ಒಡನಾಟದಲ್ಲಿ ದಾಟುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮನೆ, ಶಾಲೆ, ಬಸ್ಸುಗಳಲ್ಲಿ ಜನ ಒತ್ತಿಕೊಂಡಿರುವುದೂ ಒಂದು ಕಾರಣ ಇರಬಹುದು ಅನ್ನುತ್ತಾರೆ. ಭಾರತದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಫ್ಲೂ ಏರುತ್ತದೆ. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2ನಿಂದ ತೀರಿಕೊಂಡಾಗ ರಾಜ್ಯದಲ್ಲೆಲ್ಲ ಅದೇ ಮಾತಾಗಿತ್ತು.

ಹೀಗಾಗಿ ಬೆಂಗಳೂರಿನ ಎಷ್ಟೋ ವೈದ್ಯರು ಮಳೆ ಶುರುವಾಗುವ ಮುಂಚೆ, ಏಪ್ರಿಲ್-ಮೇನಲ್ಲಿ ಹಾಕಿಸಿಕೊಳ್ಳಿ ಅನ್ನುತ್ತಾರೆ. ಅಮೆರಿಕದಲ್ಲಿ ಹೇಳುವುದು ಸೆಪ್ಟೆಂಬರ್-ಅಕ್ಟೋಬರ್. ಎರಡೂ ಅವರವರ ಊರಿಗೆ ಸರಿ. ತೊಂದರೆ ಎರಡೂ ಊರಿನ ನಡುವೆ ಓಡಾಡುವವರದ್ದು. ಮೇನಲ್ಲಿ ಬೆಂಗಳೂರಲ್ಲಿ ಹಾಕಿಸಿಕೊಂಡ ಅಮ್ಮ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಗೆ ಬಂದರೆ, ಇಲ್ಲಿ ಫ್ಲೂ ಏರುವ ಡಿಸೆಂಬರ್-ಫೆಬ್ರವರಿಯ ಹೊತ್ತಿಗೆ ಅವರ ರಕ್ಷಣೆ ಬಹಳ ಇಳಿದಿರುತ್ತದೆ. ಆ ಲಸಿಕೆಯೊಳಗಿನ ವೈರಸ್ ಪಟ್ಟಿಯೂ ಇಲ್ಲಿಯದಕ್ಕಿಂತ ಬೇರೆಯಾಗಿರಬಹುದು. ನಾನಂತೂ ಹೇಳುವುದು ಇಷ್ಟು: ಇಲ್ಲಿಗೆ ಬಂದ ಮೊದಲ ವಾರದಲ್ಲೇ, ಜೆಟ್‌ಲ್ಯಾಗ್ ಕಳೆದ ಕೂಡಲೇ ಹಾಕಿಸಿಬಿಡಿ. ರಕ್ಷಣೆ ಸರಿಯಾಗಿ ಬರಲು ಸುಮಾರು ಎರಡು ವಾರ ಬೇಕು. ಹೆರಿಗೆಯ ದಿನಕ್ಕೆ ಎರಡು ವಾರಕ್ಕಿಂತ ಮುಂಚೆ ಆಗಿದ್ದರೆ ಒಳ್ಳೆಯದು. ಈ ಲೆಕ್ಕ ಟಿಕೆಟ್ ಬುಕ್ ಮಾಡುವಾಗಲೇ ತಲೆಯಲ್ಲಿರಲಿ.

ಅಂಗಡಿಯಲ್ಲಿ ಆಗುವುದು ತುಂಬ ಸುಲಭ. ವಾಲ್‌ಗ್ರೀನ್ಸ್, ಸಿವಿಎಸ್, ಕಾಸ್ಟ್ಕೊ ಹೀಗೆ ಯಾವ ಫಾರ್ಮಸಿಯಲ್ಲಾದರೂ ಫಾರ್ಮಸಿಸ್ಟೇ ಹಾಕುತ್ತಾರೆ, ಡಾಕ್ಟರ ಚೀಟಿ ಬೇಕಿಲ್ಲ. ಒಂದು ಫಾರ್ಮ್ ಕೊಡುತ್ತಾರೆ. ಇವತ್ತು ಜ್ವರ ಇದೆಯಾ, ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿತ್ತಾ, ಗಿಲಾನ್-ಬಾರೆ ಅನ್ನುವ ನರದ ಕಾಯಿಲೆ ಬಂದಿತ್ತಾ ಅಂತ ಕೇಳಿರುತ್ತದೆ. ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ, ಅವರೇ ಉತ್ತರ ಕೊಡಲಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಬಿಗಿ ತೋಳಿನ ರವಿಕೆ ಬೇಡ, ಸಡಿಲ ಕುರ್ತಾ ಹಾಕಿಕೊಂಡು ಬರಲಿ, ಚುಚ್ಚುವುದು ಭುಜದ ಕೆಳಗಿನ ಮಾಂಸಕ್ಕೆ. ಒಂದೆರಡು ದಿನ ಕೈ ನೋವು, ಮೈ ಸ್ವಲ್ಪ ಬೆಚ್ಚಗಾಗುವುದು ಸಹಜ. ಇದರಿಂದ ಫ್ಲೂ ಬರಲು ಸಾಧ್ಯವಿಲ್ಲ, ಒಳಗೆ ಜೀವಂತ ವೈರಸ್ಸೇ ಇರುವುದಿಲ್ಲ. ದುಡ್ಡಿನ ವಿಷಯ ಮಾತ್ರ ಮೊದಲೇ ವಿಚಾರಿಸಿ. ಕೆಲಸದ ಇನ್ಶೂರೆನ್ಸ್ ಇರುವವರಿಗೆ ಸಾಮಾನ್ಯವಾಗಿ ಕೈಯಿಂದ ಖರ್ಚಾಗುವುದಿಲ್ಲ. ಅಪ್ಪ-ಅಮ್ಮನಿಗೆ ಮಾಡಿಸುವ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ಕೊಡುವುದಿಲ್ಲ. ಕೆಲವು ಕೌಂಟಿಗಳ ಆರೋಗ್ಯ ಇಲಾಖೆ ಉಚಿತ ಕ್ಯಾಂಪ್ ಮಾಡುತ್ತದೆ, ಫೋನ್ ಮಾಡಿ ಕೇಳಿ.

ಅಲ್ಲಿ ಅಮ್ಮ ಮೆಲ್ಲಗೆ ಕೇಳುವ ಇನ್ನೊಂದು ಪ್ರಶ್ನೆ ಇರುತ್ತದೆ: "ಇದರಲ್ಲಿ ಮೊಟ್ಟೆ ಇದೆಯಂತೆ, ಹೌದಾ?" ಇದನ್ನು ನಕ್ಕು ತಳ್ಳಿಹಾಕಬಾರದು. ಹೆಚ್ಚಿನ ಫ್ಲೂ ಲಸಿಕೆಗಳಿಗೆ ಬೇಕಾದ ವೈರಸ್ಸನ್ನು ಇವತ್ತಿಗೂ ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಾರೆ. ಭ್ರೂಣ ಬೆಳೆಯುತ್ತಿರುವ ಮೊಟ್ಟೆಗೆ ವೈರಸ್ ಚುಚ್ಚಿ, ಕೆಲವು ದಿನ ಕಾವಿನಲ್ಲಿಟ್ಟು, ಒಳಗಿನ ದ್ರವ ತೆಗೆದು, ವೈರಸ್ಸನ್ನು ಸಾಯಿಸಿ ಶುದ್ಧ ಮಾಡುತ್ತಾರೆ. ಕೊನೆಗೆ ಮೊಟ್ಟೆಯ ಪ್ರೋಟೀನು ಅತ್ಯಲ್ಪ ಉಳಿದಿರುತ್ತದೆ. ಮೊಟ್ಟೆಯ ಅಲರ್ಜಿ ಇದ್ದವರೂ ಹಾಕಿಸಿಕೊಳ್ಳಬಹುದು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ. ಆದರೆ ಅಮ್ಮನ ಪ್ರಶ್ನೆ ಅಲರ್ಜಿಯದ್ದಲ್ಲ, ಮಡಿಯದ್ದು. ಅದಕ್ಕೆ ಒಳ್ಳೆಯ ಉತ್ತರವಿದೆ. ಫ್ಲುಬ್ಲಾಕ್ ಅನ್ನುವ ಲಸಿಕೆಗೆ ಮೊಟ್ಟೆಯೂ ಬೇಡ, ಫ್ಲೂ ವೈರಸ್ಸೂ ಬೇಡ. ವೈರಸ್ಸಿನ ಎಚ್ ಪ್ರೋಟೀನನ್ನು ಮಾತ್ರ ಕೀಟದ ಜೀವಕೋಶಗಳಲ್ಲಿ ತಯಾರಿಸುತ್ತಾರೆ.

ಇನ್ನೂ ಒಳ್ಳೆಯ ಸಂಗತಿ ಏನೆಂದರೆ, ವಯಸ್ಸಾದವರಿಗೆ ಹೆಚ್ಚು ಸೂಕ್ತವಾದ ಲಸಿಕೆಗಳಲ್ಲಿ ಇದೂ ಒಂದು. ವಯಸ್ಸಾದಂತೆ ದೇಹ ಲಸಿಕೆಗೆ ಮಂದವಾಗಿ ಸ್ಪಂದಿಸುತ್ತದೆ. ಅದಕ್ಕೇ 65 ದಾಟಿದವರಿಗೆ ಮೂರು ಬಗೆಗಳಲ್ಲಿ ಒಂದನ್ನು ಕೊಡುವುದು ಮೇಲು ಅಂತ ಸಿಡಿಸಿ 2022ರಿಂದ ಹೇಳುತ್ತಿದೆ. ಮಾಮೂಲಿಗಿಂತ ನಾಲ್ಕು ಪಟ್ಟು ಪ್ರಮಾಣದ ಫ್ಲೂಜೋನ್ ಹೈ-ಡೋಸ್, ಪ್ರತಿರಕ್ಷೆಯನ್ನು ಕೆಣಕುವ ಇನ್ನೊಂದು ಅಂಶ ಬೆರೆಸಿದ ಫ್ಲೂಆಡ್, ಮತ್ತು ಮೂರು ಪಟ್ಟು ಪ್ರಮಾಣದ ಈ ಫ್ಲುಬ್ಲಾಕ್. ಮೊದಲೆರಡು ಮೊಟ್ಟೆಯಲ್ಲಿ ಬೆಳೆಸಿದವು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೆಸರು ಹೇಳಿ ಕೇಳಿ, ಎಲ್ಲ ಅಂಗಡಿಯಲ್ಲೂ ಎಲ್ಲವೂ ಇರುವುದಿಲ್ಲ. ಸಿಗದಿದ್ದರೆ ಇರುವುದನ್ನೇ ಹಾಕಿಸಿ, ಕಾಯುತ್ತ ಕೂರಬೇಡಿ.

ಬ್ರಿಟನ್ನಿನಲ್ಲಿ ಇದೇ ಬಗೆಯ ಪ್ರಶ್ನೆ ಮಕ್ಕಳ ವಿಷಯದಲ್ಲಿ ಬರುತ್ತದೆ. ಅಲ್ಲಿ ಶಾಲೆಯಲ್ಲಿ ಮೂಗಿಗೆ ಸಿಂಪಡಿಸುವ ಲಸಿಕೆ ಕೊಡುತ್ತಾರೆ. ಅದರಲ್ಲಿ ಹಂದಿಯಿಂದ ತೆಗೆದ ಜೆಲಟಿನ್ ಇದೆ. ಬೇಡವೆನ್ನುವವರು ಕೇಳಿದರೆ ಜೆಲಟಿನ್ ಇಲ್ಲದ ಇಂಜೆಕ್ಷನ್ ಕೊಡುತ್ತಾರೆ. ಒಪ್ಪಿಗೆ ಪತ್ರಕ್ಕೆ 'ಬೇಡ' ಅಂತ ಬರೆದು ಸುಮ್ಮನಾಗುವ ಬದಲು ಅದನ್ನು ಕೇಳಿ ಪಡೆಯುವುದು ಒಳ್ಳೆಯದು.

ಆಸ್ಟ್ರೇಲಿಯಾಕ್ಕೆ ಹೋಗುವವರ ಲೆಕ್ಕ ಸಲೀಸು. ಅಲ್ಲಿ ಏಪ್ರಿಲ್‌ನಿಂದ ಲಸಿಕೆ ಸಿಗುತ್ತದೆ, ಜೂನ್-ಸೆಪ್ಟೆಂಬರ್ ಫ್ಲೂ ಕಾಲ. ಮೇನಲ್ಲಿ ಮೆಲ್ಬರ್ನ್‌ಗೆ ಹೊರಟವರು ಬೆಂಗಳೂರಲ್ಲೇ, ಸೆಪ್ಟೆಂಬರ್‌ನ ಪಟ್ಟಿಯಂತೆ ಮಾಡಿದ ದಕ್ಷಿಣ ಗೋಳಾರ್ಧದ ಆ ವರ್ಷದ ಲಸಿಕೆ ಹಾಕಿಸಿಕೊಂಡು ವಿಮಾನ ಹತ್ತಿದರೆ ಎರಡೂ ಕಡೆಗೆ ಆಯಿತು. ಯಾವ ಗೋಳಾರ್ಧದ್ದು, ಯಾವ ವರ್ಷದ್ದು ಅನ್ನುವುದನ್ನು ಪೊಟ್ಟಣದ ಮೇಲೆ ನೋಡಿಕೊಳ್ಳಿ.

ಅಮೆರಿಕಕ್ಕೆ ಬಂದ ಅಮ್ಮ ಏಪ್ರಿಲ್‌ನಲ್ಲಿ ವಾಪಸು ಹೊರಟಾಗ ಇನ್ನೊಂದು ವಿಷಯ ಬಾಕಿ ಇರುತ್ತದೆ. ಅಕ್ಟೋಬರ್‌ನ ಲಸಿಕೆ ಬೆಂಗಳೂರಿನ ಮಳೆಗಾಲದ ಹೊತ್ತಿಗೆ ಹಳತಾಗಿರುತ್ತದೆ. ಅಲ್ಲಿ ಮೇನಲ್ಲಿ ಸಿಗುವ ದಕ್ಷಿಣದ ಲಸಿಕೆ ಅದರ ನಂತರ ಮಾಡಿದ ಪಟ್ಟಿಯದ್ದು. ಮತ್ತೆ ಹಾಕಿಸಬೇಕಾ, ಯಾವಾಗ ಅನ್ನುವುದನ್ನು ಅವರ ಬಿಪಿ-ಶುಗರ್ ನೋಡುವ ಡಾಕ್ಟರೇ ಹೇಳಬೇಕು. ಅವರಿಗೆ ಬೇಕಾಗುವುದು ಲಸಿಕೆಯ ಹೆಸರು, ಹಾಕಿದ ತಾರೀಖು, ಯಾವ ಸಾಲಿನದ್ದು ಅನ್ನುವ ವಿವರ. ಫಾರ್ಮಸಿಯವರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ಫೋಟೊ ತೆಗೆದು ಅಮ್ಮನ ವಾಟ್ಸಾಪ್‌ಗೆ ಕಳಿಸಿ, ಚೀಟಿಯನ್ನು ಮಾತ್ರೆ ಡಬ್ಬಿಯ ಜೊತೆ ಇಟ್ಟು ಕಳಿಸಿ.