ಬೆವರು ಆರುವ ಹೊತ್ತಿನ ಆನಂದ

ರಾತ್ರಿ ಹತ್ತೂವರೆ. ವ್ಯಾಯಾಮದ ಕೊನೆಯ ಸೆಟ್ ಮುಗಿಸಿ ನೆಲದ ಮೇಲೆ ಅಂಗಾತ ಬಿದ್ದಿದ್ದೇನೆ. ಟೀ ಶರ್ಟ್ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ, ತೊಡೆ ಇನ್ನೂ ನಡುಗುತ್ತಿದೆ, ತಿರುಗುವ ಫ್ಯಾನನ್ನು ಸುಮ್ನೆ ನೋಡುತ್ತಿದ್ದೇನೆ. ಸಂಜೆಯಿಂದ ತಲೆ ತಿನ್ನುತ್ತಿದ್ದ ಚಿಂತೆ ಬಗೆಹರಿದಿಲ್ಲ, ನಾಳೆ ಬೆಳಿಗ್ಗೆ ಅಲ್ಲೇ ಇರುತ್ತದೆ. ಆದರೂ ಈಗ ಅದು ಬೇರೆ ಯಾರದೋ ಚಿಂತೆ ಅನ್ನಿಸುತ್ತಿದೆ.

ಇದು ಯಾಕೆ ಅಂತ ಕೇಳಿದರೆ "ಎಂಡಾರ್ಫಿನ್ ಕಣ್ರೀ" ಅನ್ನುವವರೇ ಜಾಸ್ತಿ. ಮೈಯೊಳಗೇ ಹುಟ್ಟುವ ಮಾರ್ಫಿನ್ (ಅಫೀಮಿನಿಂದ ತೆಗೆಯುವ, ನೋವು ಮರೆಸುವ ಮದ್ದು) ಅನ್ನುವುದು ಆ ಹೆಸರಿನ ಅರ್ಥ. ಮೆದುಳು ತಾನೇ ತಯಾರಿಸುವ ಇಂಥ ವಸ್ತುವನ್ನು 1975ರಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್‌ಲಿಟ್ಜ್ ಸ್ಕಾಟ್ಲೆಂಡಿನಲ್ಲಿ ಗುರುತಿಸಿದರು. ಕಥೆ ಚೆನ್ನಾಗಿದೆ, ಎಲ್ಲರ ಬಾಯಲ್ಲೂ ಕೂತುಬಿಟ್ಟಿತು. ತೊಡಕು ಏನೆಂದರೆ, ವ್ಯಾಯಾಮ ಮಾಡಿದಾಗ ರಕ್ತದಲ್ಲಿ ಏರುವ ಎಂಡಾರ್ಫಿನ್ ಮೆದುಳಿನ ಕಾವಲು ದಾಟಿ ಒಳಗೆ ಹೋಗುವುದು ಕಷ್ಟ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್‌ನ ಕೆಲಸವನ್ನೇ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟು ಜನರನ್ನು 45 ನಿಮಿಷ ಓಡಿಸಿದರು. ಆದರೂ ಅವರಿಗೆ ಖುಷಿಯಾಯಿತು, ಆತಂಕವೂ ಇಳಿಯಿತು!

ಹಾಗಾದರೆ ಇನ್ನಾರ ಕೈವಾಡ? ಈಗ ಹೆಚ್ಚು ಅನುಮಾನ ಇರುವುದು ಒಂದು ಕೊಬ್ಬಿನಂಥ ಅಣುವಿನ ಮೇಲೆ. 1992ರಲ್ಲಿ ಜೆರುಸಲೇಮಿನಲ್ಲಿ ರಫಾಯೆಲ್ ಮೆಶುಲಾಮ್ ಅವರ ಪ್ರಯೋಗಾಲಯ ಅದನ್ನು ಪತ್ತೆ ಮಾಡಿತು. ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ 'ಆನಂದ'ವೇ! ಗಾಂಜಾ ಮೆದುಳಿನಲ್ಲಿ ಯಾವ ಬೀಗ ತೆರೆಯುತ್ತದೋ ಅದೇ ಬೀಗಕ್ಕೆ ಮೈ ತಾನೇ ಮಾಡಿಕೊಂಡಿರುವ ಕೀಲಿ ಇದು. ಮೆದುಳಿನ ಕಾವಲನ್ನು ಸಲೀಸಾಗಿ ದಾಟುತ್ತದೆ. 2012ರ ಒಂದು ಅಧ್ಯಯನದಲ್ಲಿ ಮನುಷ್ಯರನ್ನೂ ನಾಯಿಗಳನ್ನೂ ಮುಂಗುಸಿಯಂತೆ ಕಾಣುವ ಫೆರೆಟ್‌ಗಳನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಮನುಷ್ಯರಲ್ಲೂ ನಾಯಿಗಳಲ್ಲೂ ಆನಂದಮೈಡ್ ಏರಿತು, ಫೆರೆಟ್‌ಗಳಲ್ಲಿ ಏರಲಿಲ್ಲ. ದೂರ ಓಡಿ ಬದುಕಿದ ಪ್ರಾಣಿಗಳಿಗೆ ಮಾತ್ರ ಈ ಬಹುಮಾನ ಇರಬಹುದು ಅನ್ನುವುದು ಸಂಶೋಧಕರ ಊಹೆ.

ಆದರೆ ನನ್ನ ಕೇಳಿದರೆ, ನೆಲದ ಮೇಲೆ ಬಿದ್ದಾಗ ಸಿಗುವ ನೆಮ್ಮದಿಯನ್ನು ಯಾವುದೋ ಒಂದು ರಾಸಾಯನಿಕದ ತಲೆಗೆ ಕಟ್ಟುವುದೇ ತಪ್ಪು. ಅದರಲ್ಲಿ ಅರ್ಧ ಬರೀ ಬ್ರೇಕ್‌ನ ಕೆಲಸ. ಕಸರತ್ತು ಮಾಡುವಾಗ ಅಡ್ರಿನಾಲಿನ್ ಹೃದಯವನ್ನು ಓಡಿಸುತ್ತದೆ. ನಿಲ್ಲಿಸಿದ ತಕ್ಷಣ ವೇಗಸ್ ಎಂಬ ಉದ್ದನೆಯ ನರ ಅದನ್ನು ಹಿಡಿದೆಳೆಯುತ್ತದೆ, ಮೊದಲ ಒಂದು ನಿಮಿಷದಲ್ಲೇ ಬಡಿತ ಸರಸರ ಇಳಿಯುತ್ತದೆ. ದುಡಿದ ಸ್ನಾಯುಗಳ ರಕ್ತನಾಳಗಳು ಮಾತ್ರ ಬೇಗ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೇ ಬಿಪಿ ಮೊದಲಿದ್ದದ್ದಕ್ಕಿಂತಲೂ ಕೆಳಗಿಳಿದು ಕೆಲವು ಗಂಟೆ ಅಲ್ಲೇ ಇರುತ್ತದೆ. ಈ ನಾಳಗಳನ್ನು ತೆರೆದಿಡುವುದರಲ್ಲಿ ದೊಡ್ಡ ಪಾತ್ರ ಹಿಸ್ಟಮೀನ್‌ನದು. ಅಲರ್ಜಿ ಬಂದಾಗ ನಮ್ಮನ್ನು ಸೀನಿಸಿ ಸಾಕುಮಾಡುತ್ತದಲ್ವಾ, ಅದೇ!

ಇನ್ನು ತೃಪ್ತಿಯ ವಿಷಯ. ಅದು ಪಟ್ಟ ಕಷ್ಟದ ಬೆನ್ನಿಗೇ ಅಂಟಿಕೊಂಡು ಬರುತ್ತದೆ. 1974ರಲ್ಲಿ ರಿಚರ್ಡ್ ಸೊಲೊಮನ್ ಮತ್ತು ಜಾನ್ ಕಾರ್ಬಿಟ್ ಎಂಬ ಮನಶ್ಶಾಸ್ತ್ರಜ್ಞರು ಇಂಥದ್ದೇ ಮಾತು ಹೇಳಿದ್ದರು: ಒಂದು ಭಾವ ಜೋರಾಗಿ ಎದ್ದರೆ ಮೆದುಳು ಅದಕ್ಕೆ ಎದುರಾದ ಭಾವವನ್ನೂ ಎಬ್ಬಿಸುತ್ತದೆ. ಮೊದಲಿನದು ನಿಂತ ಮೇಲೂ ಎರಡನೆಯದು ಸ್ವಲ್ಪ ಹೊತ್ತು ಉಳಿಯುತ್ತದೆ. ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವಾಗ ನಡುಗಿದವರು ನೆಲ ಮುಟ್ಟಿದ ಮೇಲೆ ಹಿಗ್ಗುವುದು ಅವರು ಕೊಟ್ಟ ಉದಾಹರಣೆ. ಜಿಗಿಯುವಷ್ಟು ಧೈರ್ಯ ನನಗಿಲ್ಲ, ಸ್ಕ್ವಾಟ್ ಸಾಕು.

ರಾತ್ರಿಯೇ ಇದು ಇಷ್ಟು ಹಿತ ಅನ್ನಿಸಲು ಇನ್ನೊಂದು ಕಾರಣವೂ ಇದ್ದೀತು. ರಾತ್ರಿ ಏರಿದಂತೆ ಮೈಯ ಒಳಗಿನ ಬಿಸಿ ತಾನಾಗಿಯೇ ಇಳಿಯುತ್ತದೆ, ಆ ಇಳಿತವೇ ನಿದ್ದೆಗೆ ದಾರಿ. ವ್ಯಾಯಾಮ ಬಿಸಿಯನ್ನು ಏರಿಸಿ ಬಿಟ್ಟರೆ, ಆಮೇಲೆ ಬೆವರು ಆರುವಾಗಿನ ಇಳಿತವೂ ಅದರ ಜೊತೆ ಸೇರಿಕೊಳ್ಳುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಸಂಜೆಯ ವ್ಯಾಯಾಮದಿಂದ ಸಾಮಾನ್ಯವಾಗಿ ನಿದ್ದೆ ಕೆಡುವುದಿಲ್ಲ, ಮಲಗಲು ಒಂದು ಗಂಟೆಯೂ ಇಲ್ಲದಿರುವಾಗ ಜೋರಾಗಿ ಮಾಡಿದರೆ ಮಾತ್ರ ನಿದ್ದೆ ತಡವಾಗಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳುತ್ತಾರೆ.

ನನಗೂ ಹಾಗೇ ಆಗುತ್ತದೆ. ಹನ್ನೊಂದಕ್ಕೆ ಹಾಸಿಗೆಗೆ ಹೋದರೂ ಹನ್ನೆರಡರವರೆಗೆ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ. ಬೇರೆ ದಿನ ಆಗಿದ್ದರೆ ಹೊರಳಾಡಿ, ಮೊಬೈಲ್ ನೋಡಿ, ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಇಂಥ ರಾತ್ರಿ ನಿದ್ದೆ ಬರಲಿಲ್ಲ ಅನ್ನುವುದೂ ಬೇರೆ ಯಾರದೋ ಚಿಂತೆ.